ಸಹಪ್ರತಿ, ರಕ್ಷಾಪ್ರತಿ, ಪುನಃಸ್ಥಾಪನೆ: ವಿತರಿತ ಡೇಟಾಬೇಸುಗಳ ಚರಿತ್ರೆಯ ಒಂದು ವಿವೇಚನೆ

೧

ಹಸ್ತಪ್ರತಿಗಳ ಸಂಪಾದನೆಯಲ್ಲಿ ಪಳಗಿದವರಿಗೆ ‘ಪ್ರತಿ’ ಎಂಬ ಮಾತಿನ ಅರ್ಥವನ್ನು ವಿವರಿಸಬೇಕಾದುದಿಲ್ಲ. ಒಂದು ಕಾವ್ಯದ ಹತ್ತು ಓಲೆಪ್ರತಿಗಳು ಹತ್ತು ಊರುಗಳಲ್ಲಿ ದೊರೆತರೂ, ಅವೆಲ್ಲವೂ ತಪ್ಪುಳ್ಳ ಒಂದೇ ಮಾತೃಕೆಯಿಂದ ಇಳಿದು ಬಂದವಾದರೆ, ಪಾಠನಿರ್ಣಯದ ಮಟ್ಟಿಗೆ ಆ ಹತ್ತೂ ಸೇರಿ ಒಂದೇ ಸಾಕ್ಷಿಯೆನಿಸುತ್ತವೆ. ಲಿಪಿಕಾರನ ಕೈತಪ್ಪು ಹತ್ತರಲ್ಲಿಯೂ ಅಷ್ಟೇ ನಿಷ್ಠೆಯಿಂದ ನಿಂತಿರುತ್ತದೆ. ನಮ್ಮ ವಿದ್ವಾಂಸರಿಗೆ ಚಿರಪರಿಚಿತವಾದ ಈ ತಿಳಿವಳಿಕೆಯನ್ನು ಗಣಕಯಂತ್ರದ ಪ್ರಪಂಚವು ತನ್ನದೇ ಆದ ಹಾದಿಯಲ್ಲಿ, ಬಹಳ ಬೆಲೆ ತೆತ್ತು, ಪಡೆದುಕೊಂಡಿತು. ಆ ಕಲಿಕೆಯ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇತಿಹಾಸ ವಿಭಾಗದ ಸಂಚಿಕೆಗೆ ಈ ವಿಷಯವು ಹೊರಗಿನದೆಂದು ಕೆಲವರಿಗೆ ತೋರಬಹುದು. ಆದರೆ ಜಮೀನಿನ ಪಹಣಿ, ಬ್ಯಾಂಕಿನ ಲೆಕ್ಕ, ಪರೀಕ್ಷೆಯ ಅಂಕಪಟ್ಟಿ, ಸರ್ಕಾರದ ಟಿಪ್ಪಣಿ, ವ್ಯಕ್ತಿಗಳ ಪತ್ರವ್ಯವಹಾರ ಇವೆಲ್ಲವೂ ಇಂದು ಯಾವುದೋ ದೂರದ ಸರ್ವರುಗಳ ಡಿಸ್ಕುಗಳಲ್ಲಿ ನೆಲೆಸಿರುವಾಗ, ಆ ದಾಖಲೆಗಳು ಹೇಗೆ ಉಳಿಯುತ್ತವೆ, ಹೇಗೆ ಅಳಿಯುತ್ತವೆ ಎಂಬುದು ಇತಿಹಾಸಕಾರನ ಸ್ವಂತ ಪ್ರಶ್ನೆಯೇ ಆಗುತ್ತದೆ. ಮುಂದಿನ ಶತಮಾನದ ಸಂಶೋಧಕನು ನಮ್ಮ ಕಾಲವನ್ನು ಕುರಿತು ಬರೆಯಲು ಕುಳಿತಾಗ ಅವನ ಮುಂದೆ ಇರುವ ಆಕರಗಳು ಇವೇ.

ಮೊದಲಿಗೆ ಮೂರು ಮಾತುಗಳನ್ನು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಒಂದೇ ದತ್ತಾಂಶವನ್ನು ಏಕಕಾಲದಲ್ಲಿ ಹಲವು ಯಂತ್ರಗಳಲ್ಲಿ ಜೀವಂತವಾಗಿ ಇಟ್ಟು, ಒಂದರಲ್ಲಿ ಆದ ಬದಲಾವಣೆಯನ್ನು ಮಿಕ್ಕವುಗಳಿಗೂ ಕೂಡಲೆ ಮುಟ್ಟಿಸುವುದಾದರೆ ಅಂತಹ ಒಂದೊಂದು ಪ್ರತಿಯನ್ನೂ ಇಲ್ಲಿ ‘ಸಹಪ್ರತಿ’ ಎಂದು ಕರೆಯುತ್ತೇವೆ. ಒಂದು ನಿರ್ದಿಷ್ಟ ಗಳಿಗೆಯ ಸ್ಥಿತಿಯನ್ನು ಹಿಡಿದು, ಮುಂದಿನ ಬದಲಾವಣೆಗಳು ಮುಟ್ಟದಂತೆ ಬೇರೆಯಾಗಿ ಇಟ್ಟದ್ದು ‘ರಕ್ಷಾಪ್ರತಿ’. ರೂಢಿಯಲ್ಲಿ ಇದೇ ಬ್ಯಾಕಪ್ಪು. ಆ ರಕ್ಷಾಪ್ರತಿಯಿಂದ ಮತ್ತೆ ನಡೆಯುವ ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸುವುದು ‘ಪುನಃಸ್ಥಾಪನೆ’. ಈ ಮೂರೂ ಬೇರೆ ಬೇರೆ ಎಂಬುದು ಹೇಳುವಾಗ ಸುಲಭವಾಗಿಯೇ ಕಾಣುತ್ತದೆ. ಆದರೂ ಕಳೆದ ಇಪ್ಪತ್ತು ವರ್ಷಗಳ ದೊಡ್ಡ ಅನಾಹುತಗಳಲ್ಲಿ ಹೆಚ್ಚಿನವು ಇವುಗಳಲ್ಲಿ ಒಂದನ್ನು ಇನ್ನೊಂದೆಂದು ಭಾವಿಸಿದುದರಿಂದಲೇ ಸಂಭವಿಸಿದುವು.

೨

ರಕ್ಷಾಪ್ರತಿಯು ಪ್ರಾರಂಭದಲ್ಲಿ ಯಾರೂ ಉದ್ದೇಶಪಟ್ಟು ಮಾಡಿದ ವಸ್ತುವಾಗಿರಲಿಲ್ಲ. ೧೯೫೧ರಲ್ಲಿ ಅಮೆರಿಕದ ಜನಗಣತಿ ಇಲಾಖೆಯು ಪಡೆದ ಯೂನಿವ್ಯಾಕ್ ಯಂತ್ರವೂ ಅದರ ತರುವಾಯ ಬಂದ ಇತರ ಯಂತ್ರಗಳೂ ಕಾಂತೀಯ ಟೇಪುಗಳನ್ನು ಆಶ್ರಯಿಸಿದ್ದುವು. ನಿನ್ನೆಯ ಮೂಲ ಟೇಪನ್ನೂ ಇಂದಿನ ವ್ಯವಹಾರಗಳ ಟೇಪನ್ನೂ ಒಟ್ಟಿಗೆ ಓದಿ, ಯಂತ್ರವು ಒಂದು ಹೊಸ ಮೂಲ ಟೇಪನ್ನು ಬರೆಯುತ್ತಿದ್ದಿತು. ಹಳೆಯದು ಹಾಗೆಯೇ ಉಳಿಯುತ್ತಿದ್ದಿತು. ಹೊಸ ಟೇಪು ಕೆಟ್ಟರೆ ಹಳೆಯದನ್ನು ತೆಗೆದು ಮತ್ತೆ ಓಡಿಸಿದರಾಯಿತು. ಈ ಮೂರು ತಲೆಮಾರಿನ ಟೇಪುಗಳನ್ನು ಅಜ್ಜ, ತಂದೆ, ಮಗ ಎಂದು ಕರೆಯುವ ರೂಢಿ ಗಣಕಶಾಲೆಗಳಲ್ಲಿ ಬೆಳೆಯಿತು. ಇಲ್ಲಿ ರಕ್ಷಣೆಯೆಂಬುದು ಕೆಲಸದ ಕ್ರಮದಲ್ಲಿಯೇ ಅಡಗಿದ್ದಿತು.

ಈ ಸ್ಥಿತಿಯನ್ನು ಕದಲಿಸಿದುದು ಡಿಸ್ಕು. ೧೯೫೬ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ರಾಮ್ಯಾಕ್ ಯಂತ್ರದ ಡಿಸ್ಕು ಘಟಕದಲ್ಲಿ ೫೦ ತಟ್ಟೆಗಳಿದ್ದು, ಸುಮಾರು ೫೦ ಲಕ್ಷ ಅಕ್ಷರಗಳು ಹಿಡಿಸುತ್ತಿದ್ದುವು. ಡಿಸ್ಕಿನಲ್ಲಿ ಬೇಕಾದ ಜಾಗಕ್ಕೆ ನೇರವಾಗಿ ಹೋಗಿ, ಹಳೆಯ ಅಂಕಿಯನ್ನು ಅಳಿಸಿ, ಅದೇ ಸ್ಥಳದಲ್ಲಿ ಹೊಸದನ್ನು ಬರೆಯಬಹುದು. ವೇಗವು ಹೆಚ್ಚಿತು, ಅಜ್ಜನೂ ತಂದೆಯೂ ಇಲ್ಲವಾದರು. ಮುಂದೆ ಐಬಿಎಂ ಸಂಸ್ಥೆಯಲ್ಲಿಯೂ ಟ್ಯಾಂಡೆಮ್ ಸಂಸ್ಥೆಯಲ್ಲಿಯೂ ದುಡಿದ ಜಿಮ್ ಗ್ರೇ ೧೯೮೧ರ ತನ್ನ ಪ್ರಸಿದ್ಧ ಲೇಖನವೊಂದರಲ್ಲಿ, ಇದ್ದ ಸ್ಥಳದಲ್ಲಿಯೇ ತಿದ್ದುವ ಈ ಪದ್ಧತಿಯು ಸವಿಯಾಗಿ ಕಾಣುವ ವಿಷಫಲವಾಗಿರಬಹುದೆ ಎಂಬ ಶಂಕೆಯನ್ನೆತ್ತಿ, ಒಳ್ಳೆಯ ಲೆಕ್ಕಿಗರು ಹಳೆಯ ಬರಹವನ್ನು ಅಳಿಸುವವರಲ್ಲವೆಂಬುದನ್ನು ನೆನಪಿಗೆ ತಂದನು. ಇವನು ಗಣಕಶಾಸ್ತ್ರಜ್ಞರಲ್ಲಿ ಇತಿಹಾಸಪ್ರಜ್ಞೆಯುಳ್ಳ ಅಪರೂಪದ ಲೇಖಕ. ಆಂಡ್ರಿಯಾಸ್ ರಾಯ್ಟರನೊಡನೆ ೧೯೯೩ರಲ್ಲಿ ಬರೆದ ಬೃಹತ್ ಗ್ರಂಥದಲ್ಲಿಯೂ ಇವನು ತನ್ನ ಶಾಸ್ತ್ರದ ಮೂಲವನ್ನು ಸುಮೇರಿಯದ ಲೆಕ್ಕದ ಬರಹಗಳವರೆಗೆ ಕೊಂಡೊಯ್ಯುತ್ತಾನೆ.

ಗ್ರೇ ಮತ್ತು ಅವನ ಸಂಗಡಿಗರು ೧೯೭೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ರೂಪಿಸಿದ ಪರಿಹಾರವು ನಮ್ಮ ಹಳೆಯ ಅಂಗಡಿಕಾರರಿಗೆ ತಿಳಿದಿದ್ದುದೇ. ಸಾಹುಕಾರನು ಮೊದಲು ಕಿರ್ದಿ ಪುಸ್ತಕದಲ್ಲಿ ಆ ದಿನದ ವ್ಯವಹಾರವನ್ನು ಕಾಲಕ್ರಮದಲ್ಲಿ ಬರೆಯುತ್ತಾನೆ. ಆಮೇಲೆ ಬಿಡುವಿನಲ್ಲಿ ಅದನ್ನು ಖಾತೆಗೆ ಏರಿಸುತ್ತಾನೆ. ಖಾತೆಯ ಪುಸ್ತಕ ಸುಟ್ಟುಹೋದರೂ, ಹಳೆಯ ಖಾತೆಯ ನಕಲೊಂದು ಮತ್ತು ಅಂದಿನಿಂದ ಇಂದಿನವರೆಗಿನ ಕಿರ್ದಿ ಇವೆರಡಿದ್ದರೆ ಹೊಸ ಖಾತೆಯನ್ನು ಕಟ್ಟಬಹುದು. ಡೇಟಾಬೇಸಿನಲ್ಲಿ ‘ಲಾಗ್’ ಎನಿಸಿಕೊಳ್ಳುವುದು ಈ ಕಿರ್ದಿಯೇ. ಡಿಸ್ಕಿನ ಮೇಲಣ ಖಾತೆಯನ್ನು ಮುಟ್ಟುವ ಮೊದಲು ಕಿರ್ದಿಯನ್ನು ಬರೆದಿರಲೇಬೇಕೆಂಬುದು ಮುಖ್ಯ ನಿಯಮ. ಕಿರ್ದಿಯನ್ನು ಬೇಕಾದ ಗಳಿಗೆಯವರೆಗೆ ಮಾತ್ರ ಏರಿಸಿ ನಿಲ್ಲಿಸಿದರೆ, ಡೇಟಾಬೇಸನ್ನು ಆ ಗಳಿಗೆಯ ಸ್ಥಿತಿಗೆ ತಂದು ನಿಲ್ಲಿಸಿದಂತಾಯಿತು. ಹಾರ್ಡರ್ ಮತ್ತು ರಾಯ್ಟರ್ ೧೯೮೩ರಲ್ಲಿ ಈ ತತ್ತ್ವಗಳಿಗೆ ಪರಿಭಾಷೆಯನ್ನು ಒದಗಿಸಿದರು; ೧೯೯೨ರಲ್ಲಿ ಸಿ. ಮೋಹನ್ ಮತ್ತು ಸಂಗಡಿಗರು ಪ್ರಕಟಿಸಿದ ಏರೀಸ್ ಪದ್ಧತಿಯು ಅವನ್ನು ಪೂರ್ಣವಾಗಿ ನಿರೂಪಿಸಿತು. ಒಂದೇ ಯಂತ್ರದ ಮಟ್ಟಿಗೆ ಪ್ರಶ್ನೆಯು ಇಲ್ಲಿಗೆ ತಕ್ಕಮಟ್ಟಿಗೆ ಬಗೆಹರಿಯಿತೆನ್ನಬಹುದು.

೩

ಯಂತ್ರಗಳು ಹಲವಾದಾಗ ಹುಟ್ಟುವ ಕಷ್ಟ ಬೇರೆಯ ಬಗೆಯದು. ಒಂದು ಬ್ಯಾಂಕಿನ ಲೆಕ್ಕಗಳು ಎರಡು ಯಂತ್ರಗಳಲ್ಲಿ ಹಂಚಿವೆಯೆಂದು ಭಾವಿಸೋಣ. ಮೊದಲನೆಯದರಿಂದ ಎರಡನೆಯದಕ್ಕೆ ೫೦೦ ರೂಪಾಯಿ ವರ್ಗವಾಗುತ್ತಿದೆ. ಮೊದಲ ಯಂತ್ರದ ರಕ್ಷಾಪ್ರತಿಯನ್ನು ಹಣ ಹೊರಟ ಮೇಲೂ, ಎರಡನೆಯದರ ರಕ್ಷಾಪ್ರತಿಯನ್ನು ಹಣ ಮುಟ್ಟುವ ಮೊದಲೂ ತೆಗೆದರೆ, ಆ ಎರಡನ್ನು ಜೋಡಿಸಿ ಕಟ್ಟಿದ ಬ್ಯಾಂಕಿನಲ್ಲಿ ೫೦೦ ರೂಪಾಯಿ ಎಲ್ಲಿಯೂ ಇರುವುದಿಲ್ಲ. ತದ್ವಿರುದ್ಧವಾಗಿ, ಮೊದಲನೆಯದನ್ನು ಮುಂಚೆ, ಎರಡನೆಯದನ್ನು ತಡವಾಗಿ ತೆಗೆದರೆ, ಅದೇ ಹಣ ಎರಡು ಕಡೆಯಲ್ಲಿಯೂ ಇರುತ್ತದೆ. ಎರಡನ್ನೂ ‘ಒಂದೇ ಕಾಲದಲ್ಲಿ’ ತೆಗೆದರಾಗದೆ ಎಂದರೆ, ಎರಡು ಯಂತ್ರಗಳ ಗಡಿಯಾರಗಳು ಎಂದಿಗೂ ಪೂರ್ಣವಾಗಿ ಒಂದಾಗಿರುವುದಿಲ್ಲ. ‘ಒಂದೇ ಕಾಲ’ವೆಂಬುದಕ್ಕೆ ವಿತರಿತ ವ್ಯವಸ್ಥೆಯಲ್ಲಿ ಏನು ಅರ್ಥವೆಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ೧೯೭೮ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಖಚಿತವಾಗಿ ಮುಂದಿಟ್ಟನು. ಘಟನೆಗಳಿಗೆ ಪೂರ್ವಾಪರ ಸಂಬಂಧವು ಗಡಿಯಾರದಿಂದ ಬರುವುದಲ್ಲ. ಒಂದು ಯಂತ್ರ ಕಳಿಸಿದ ಸಂದೇಶವನ್ನು ಇನ್ನೊಂದು ಪಡೆದಾಗ ಕಳಿಸಿದ್ದು ಮುಂಚೆ, ಪಡೆದದ್ದು ಆಮೇಲೆ ಎಂಬಷ್ಟು ಮಾತ್ರವೇ ಸಿದ್ಧ. ಸಂದೇಶದ ಸರಪಣಿಯಿಂದ ಬಂಧಿತವಲ್ಲದ ಎರಡು ಘಟನೆಗಳಲ್ಲಿ ಯಾವುದು ಮೊದಲೆಂದು ಕೇಳುವುದೇ ನಿರರ್ಥಕ. ಶಾಸನಗಳಲ್ಲಿ ತೇದಿ ಇಲ್ಲದ ಎರಡು ದಾನಗಳ ಪೂರ್ವಾಪರವನ್ನು ಪರಸ್ಪರ ಉಲ್ಲೇಖದಿಂದ ನಿರ್ಣಯಿಸಬೇಕಾದವರಿಗೆ ಈ ತರ್ಕವು ಹೊಸದೆನಿಸಲಾರದು.

ಏಳು ವರ್ಷಗಳ ಮೇಲೆ, ೧೯೮೫ರಲ್ಲಿ, ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಕೆ. ಮಣಿ ಚಾಂಡಿಯವರೂ ಲ್ಯಾಂಪೋರ್ಟನೂ ಕೂಡಿ ರಕ್ಷಾಪ್ರತಿಯ ಪ್ರಶ್ನೆಗೆ ಉತ್ತರ ಕೊಟ್ಟರು. ಹಕ್ಕಿಗಳ ಹಿಂಡು ತುಂಬಿದ ವಿಶಾಲವಾದ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯಲಾರದೆ ಹಲವು ಛಾಯಾಗ್ರಾಹಕರು ಹಲವು ತುಣುಕುಗಳನ್ನು ತೆಗೆದು ಜೋಡಿಸಬೇಕಾದ ಪರಿಸ್ಥಿತಿಯೇ ಅವರ ಉಪಮಾನ. ಹಕ್ಕಿಗಳು ನಿಲ್ಲಲಾರವು, ಚಿತ್ರವು ಮಾತ್ರ ಸುಸಂಗತವಾಗಿರಬೇಕು. ಅವರ ವಿಧಾನದಲ್ಲಿ ಒಂದು ಯಂತ್ರವು ತನ್ನ ಸ್ಥಿತಿಯನ್ನು ಬರೆದಿಟ್ಟು, ಬೇರೆ ಯಾವ ಸಂದೇಶವನ್ನು ಕಳಿಸುವುದಕ್ಕೂ ಮುಂಚೆ ತನ್ನ ಎಲ್ಲ ನೆರೆಯ ಯಂತ್ರಗಳಿಗೂ ಒಂದು ಗುರುತಿನ ಸಂದೇಶವನ್ನು ಕಳಿಸುತ್ತದೆ. ಗುರುತನ್ನು ಮೊದಲ ಸಲ ಕಂಡ ಯಂತ್ರವು ಕೂಡಲೆ ತನ್ನ ಸ್ಥಿತಿಯನ್ನು ಬರೆದಿಟ್ಟು ತಾನೂ ಗುರುತನ್ನು ಮುಂದಕ್ಕೆ ಕಳಿಸುತ್ತದೆ. ಮಿಕ್ಕ ದಾರಿಗಳಿಂದ ಗುರುತು ಬರುವವರೆಗೆ ಆ ದಾರಿಗಳಲ್ಲಿ ಬಂದ ಸಂದೇಶಗಳನ್ನು ‘ದಾರಿಯಲ್ಲಿದ್ದವು’ ಎಂದು ಬೇರೆಯಾಗಿ ಬರೆದುಕೊಳ್ಳುತ್ತದೆ. ನಮ್ಮ ಉದಾಹರಣೆಯ ೫೦೦ ರೂಪಾಯಿ ಕಳೆಯುವುದೂ ಇಲ್ಲ, ಎರಡಾಗುವುದೂ ಇಲ್ಲ. ಅಗತ್ಯ ಬಿದ್ದರೆ ದಾರಿಯಲ್ಲಿದ್ದ ಹಣವೆಂದು ದಾಖಲಾಗುತ್ತದೆ.

ಹೀಗೆ ದೊರೆತ ಒಟ್ಟು ಸ್ಥಿತಿಯು ನಿಜವಾಗಿ ಯಾವುದೇ ಒಂದು ಗಳಿಗೆಯಲ್ಲಿ ಇದ್ದಿರಲೇಬೇಕೆಂಬುದಿಲ್ಲ. ಅದು ಇದ್ದಿರಬಹುದಾದ, ಒಳವಿರೋಧವಿಲ್ಲದ ಸ್ಥಿತಿ. ಇತಿಹಾಸಕಾರನ ಪುನಾರಚನೆಗೂ ಇದಕ್ಕಿಂತ ಹೆಚ್ಚಿನ ಪ್ರಮಾಣಪತ್ರವನ್ನು ಕೊಡಲು ಸಾಧ್ಯವೆ ಎಂದು ನನಗೆ ಆಗಾಗ ಸಂದೇಹ ಬಂದುದುಂಟು. ಪ್ರಾಸಂಗಿಕವಾಗಿ ಒಂದು ಮಾತು: ಆಸ್ಟಿನ್ ನಗರದಲ್ಲಿ ರಾತ್ರಿಯ ಊಟದ ವೇಳೆ ಚಾಂಡಿಯವರು ಈ ಸಮಸ್ಯೆಯನ್ನು ತನ್ನ ಮುಂದಿಟ್ಟರೆಂದೂ, ದ್ರಾಕ್ಷಾರಸ ಹೆಚ್ಚಾಗಿದ್ದುದರಿಂದ ಆಗ ಇಬ್ಬರಿಗೂ ಏನೂ ತೋಚಲಿಲ್ಲವೆಂದೂ, ಮಾರನೆಯ ಬೆಳಿಗ್ಗೆ ಸ್ನಾನ ಮಾಡುವಾಗ ಪರಿಹಾರ ಹೊಳೆದು ಚಾಂಡಿಯವರ ಕೊಠಡಿಗೆ ಹೋದರೆ ಅವರೂ ಅದೇ ಪರಿಹಾರದೊಡನೆ ಕಾದಿದ್ದರೆಂದೂ ಲ್ಯಾಂಪೋರ್ಟನೇ ಬರೆದಿದ್ದಾನೆ.

ಅದೇ ೧೯೮೫ರಲ್ಲಿ ಗ್ರೇ, ಯಂತ್ರಗಳು ಏಕೆ ನಿಲ್ಲುತ್ತವೆಂಬುದನ್ನು ಕುರಿತು ಟ್ಯಾಂಡೆಮ್ ಸಂಸ್ಥೆಯ ವರದಿಗಳನ್ನು ಪರಿಶೀಲಿಸಿ ಒಂದು ಲೆಕ್ಕವನ್ನು ಪ್ರಕಟಿಸಿದನು. ವರದಿಯಾದ ವೈಫಲ್ಯಗಳಲ್ಲಿ ಯಂತ್ರಭಾಗಗಳ ಕೆಡುಕಿನಿಂದ ಆದವು ನೂರಕ್ಕೆ ೧೮ ಮಾತ್ರ. ನಿರ್ವಾಹಕರ ಕೆಲಸ, ಎಂದರೆ ಮನುಷ್ಯರ ಕೈ, ನೂರಕ್ಕೆ ೪೨ಕ್ಕೆ ಕಾರಣವಾಗಿದ್ದಿತು. ಸಹಪ್ರತಿಗಳು ಯಂತ್ರದ ಸಾವಿಗೆ ಮದ್ದು. ಮನುಷ್ಯನು ಕೊಟ್ಟ ತಪ್ಪು ಆಜ್ಞೆಗೆ ಅವು ಮದ್ದಲ್ಲ. ಆ ಆಜ್ಞೆಯನ್ನೂ ಅವು ವಿಧೇಯವಾಗಿ ನಕಲು ಮಾಡುತ್ತವೆ. ಈ ಅಂಕಿಗಳು ಕಣ್ಣೆದುರಿಗಿದ್ದೂ ಮುಂದಿನ ಪೀಳಿಗೆಯು ಸಹಪ್ರತಿಗಳಲ್ಲಿಯೇ ಹೆಚ್ಚಿನ ನಂಬಿಕೆಯನ್ನಿಟ್ಟಿತು.

೪

ಇದಕ್ಕೆ ಕಾರಣವನ್ನು ಕ್ಲೌಡ್ ವ್ಯವಸ್ಥೆಯ ಉದಯದಲ್ಲಿ ಹುಡುಕಬೇಕು. ಅಮೆಜಾನ್ ಸಂಸ್ಥೆಯು ೨೦೦೬ರ ಮಾರ್ಚಿಯಲ್ಲಿ ಎಸ್‌೩ ಎಂಬ ಸಂಗ್ರಹಸೇವೆಯನ್ನೂ, ಅದೇ ವರ್ಷದ ಆಗಸ್ಟಿನಲ್ಲಿ ಬಾಡಿಗೆ ಯಂತ್ರಗಳ ಸೇವೆಯನ್ನೂ, ೨೦೦೮ರಲ್ಲಿ ಆ ಯಂತ್ರಗಳಿಗೆ ತಗಲಿಸಬಹುದಾದ ಇಬಿಎಸ್ ಡಿಸ್ಕುಗಳನ್ನೂ ತೆರೆಯಿತು. ಡಿಸ್ಕಿನ ಸ್ನ್ಯಾಪ್‌ಷಾಟ್ ತೆಗೆದು ಎಸ್‌೩ರಲ್ಲಿ ಇಡುವುದು ಒಂದು ಆಜ್ಞೆಯ ಮಾತಾಯಿತು. ಇದೇ ಕಾಲದಲ್ಲಿ ಗೂಗಲ್ ಸಂಸ್ಥೆಯ ಬಿಗ್‌ಟೇಬಲ್ (೨೦೦೬), ಅಮೆಜಾನಿನ ಡೈನಮೋ (೨೦೦೭) ಎಂಬ ವಿತರಿತ ಸಂಗ್ರಹಗಳ ವಿವರಣೆಗಳು ಪ್ರಕಟವಾದುವು. ಡೈನಮೋದ ಕರ್ತೃಗಳಲ್ಲಿ ಒಬ್ಬರಾದ ಅವಿನಾಶ್ ಲಕ್ಷ್ಮಣ್ ಅವರೂ ಪ್ರಶಾಂತ್ ಮಲಿಕ್ ಅವರೂ ಫೇಸ್‌ಬುಕ್ಕಿನಲ್ಲಿ ರಚಿಸಿದ ಕಸಾಂಡ್ರವು ೨೦೦೮ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಂದೊಂದು ದತ್ತಾಂಶವನ್ನೂ ಮೂರು ಯಂತ್ರಗಳಲ್ಲಿ ಇಡುವುದು ಇಂತಹ ಕ್ಲಸ್ಟರುಗಳಲ್ಲಿ ವಾಡಿಕೆ. ಮೂರು ಕಡೆ ಇರುವುದು ಕಳೆಯುವುದೆಂತು ಎಂಬ ಭಾವನೆ ಸಹಜವಾಗಿಯೇ ಬೇರೂರಿತು.

ಕಸಾಂಡ್ರದ ರಕ್ಷಾಪ್ರತಿಯ ಕ್ರಮವು ಸ್ವಲ್ಪ ವಿವರಣೆಗೆ ಅರ್ಹವಾಗಿದೆ. ಅದರ ದತ್ತಾಂಶದ ಕಡತಗಳು ಒಮ್ಮೆ ಬರೆದ ಮೇಲೆ ತಿದ್ದಲ್ಪಡುವುದಿಲ್ಲ. ಹೊಸ ಮೌಲ್ಯಗಳು ಹೊಸ ಕಡತಗಳಿಗೆ ಹೋಗುತ್ತವೆ. ಗ್ರೇ ಮೆಚ್ಚಿದ ಲೆಕ್ಕಿಗನ ನೀತಿ ಇಲ್ಲಿ ಬೇರೆಯ ವೇಷದಲ್ಲಿ ಮರಳಿತೆನ್ನಬಹುದು. ಆದುದರಿಂದ ಸ್ನ್ಯಾಪ್‌ಷಾಟ್ ತೆಗೆಯುವುದೆಂದರೆ ಇರುವ ಕಡತಗಳಿಗೆ ಇನ್ನೊಂದು ಹೆಸರನ್ನು ಕಟ್ಟುವುದಷ್ಟೆ, ಕ್ಷಣದ ಕೆಲಸ. ಆದರೆ ಪ್ರತಿಯೊಂದು ಯಂತ್ರವೂ ತನ್ನ ಪಾಲಿನದನ್ನು ತಾನೇ ತೆಗೆಯುತ್ತದೆ. ಇಡೀ ಕ್ಲಸ್ಟರಿಗೆ ಒಂದು ಸುಸಂಗತವಾದ ಗಳಿಗೆ ಎಂಬುದು ಅಲ್ಲಿ ಇಲ್ಲ. ಅಲ್ಲದೆ ಆ ಹೊಸ ಹೆಸರು ಇರುವುದು ಅದೇ ಡಿಸ್ಕಿನಲ್ಲಿ. ಹೊರಗೆ ಸಾಗಿಸುವವರೆಗೆ ಅದು ರಕ್ಷಾಪ್ರತಿಯೆನಿಸುವುದಿಲ್ಲ.

ಪುನಃಸ್ಥಾಪನೆಯಲ್ಲಿ ತೊಡಕು ಇನ್ನೂ ಹೆಚ್ಚು. ಹನ್ನೆರಡು ಯಂತ್ರಗಳಿಂದ ತೆಗೆದ ಪ್ರತಿಯನ್ನು ಎಂಟು ಯಂತ್ರಗಳ ಹೊಸ ಕ್ಲಸ್ಟರಿಗೆ ಹಾಗೆಯೇ ಇಳಿಸಲಾಗುವುದಿಲ್ಲ. ಯಾವ ಯಂತ್ರಕ್ಕೆ ಯಾವ ಪಾಲು ಎಂಬ ಹಂಚಿಕೆ ಬದಲಾಗಿರುತ್ತದೆ. ಕೋಷ್ಟಕಗಳ ರಚನೆಯನ್ನೂ ಹಂಚಿಕೆಯ ಪಟ್ಟಿಯನ್ನೂ ದತ್ತಾಂಶದೊಡನೆ ಕಾದಿರಿಸದಿದ್ದವರ ಕೈಯಲ್ಲಿ ಉಳಿಯುವುದು ಸೂಚಿಯಿಲ್ಲದ ಓಲೆಗಳ ರಾಶಿ. ಇನ್ನೊಂದು ವಿಚಿತ್ರವೂ ಉಂಟು. ಕಸಾಂಡ್ರದಲ್ಲಿ ಅಳಿಸುವುದೆಂದರೆ ಅಳಿಸಲಾಗಿದೆ ಎಂಬ ಒಂದು ಗುರುತನ್ನು ಬರೆಯುವುದು. ಆ ಗುರುತನ್ನು ವಾಡಿಕೆಯಂತೆ ಹತ್ತು ದಿನಗಳ ತರುವಾಯ ತೆಗೆದುಹಾಕಬಹುದು. ಅದಕ್ಕಿಂತ ಹಳೆಯ ರಕ್ಷಾಪ್ರತಿಯನ್ನು ಒಂದು ಯಂತ್ರಕ್ಕೆ ಮಾತ್ರ ಇಳಿಸಿದರೆ, ಮಿಕ್ಕವುಗಳಲ್ಲಿ ಅಳಿಸಿದ ಗುರುತೇ ಇಲ್ಲದಿರುವುದರಿಂದ, ಸತ್ತ ದತ್ತಾಂಶವು ಹೊಸದೆಂಬಂತೆ ಎದ್ದು ಇಡೀ ಕ್ಲಸ್ಟರನ್ನು ವ್ಯಾಪಿಸಬಹುದು.

ಒಂದೇ ಗಳಿಗೆಯ ಪ್ರಶ್ನೆಗೆ ಬೇರೊಂದು ಬಗೆಯ ಉತ್ತರವು ೨೦೧೨ರಲ್ಲಿ ಗೂಗಲ್ ವಿವರಿಸಿದ ಸ್ಪ್ಯಾನರಿನಿಂದ ಬಂದಿತು. ದತ್ತಾಂಶಕೇಂದ್ರಗಳಲ್ಲಿ ಉಪಗ್ರಹ ಸಂಕೇತದ ಗ್ರಾಹಕಗಳನ್ನೂ ಪರಮಾಣು ಗಡಿಯಾರಗಳನ್ನೂ ಇರಿಸಿ, ಕಾಲವನ್ನು ಒಂದು ಬಿಂದುವಾಗಿ ಅಲ್ಲದೆ ‘ಇದಕ್ಕೂ ಇದಕ್ಕೂ ನಡುವೆ’ ಎಂಬ ಅಂತರವಾಗಿ ಹೇಳುವುದು, ಆ ಅಂತರ ಕಳೆಯುವವರೆಗೆ ಕಾಯುವುದು ಇದರ ಉಪಾಯ. ಲ್ಯಾಂಪೋರ್ಟನು ಗಡಿಯಾರವನ್ನು ಬಿಟ್ಟುಕೊಟ್ಟಲ್ಲಿ ಇವರು ಹಣ ಸುರಿದು ಗಡಿಯಾರವನ್ನೇ ಸುಧಾರಿಸಿದರು. ಹೀಗಾದ ಮೇಲೆ ಇಂಥ ಗಳಿಗೆಯಲ್ಲಿ ಇದ್ದಂತೆ ಇಡೀ ಕ್ಲಸ್ಟರಿನ ಪ್ರತಿಯನ್ನು ಕೊಡು ಎಂದು ಕೇಳಲು ಅವಕಾಶವಾಯಿತು. ಕಾಕ್ರೋಚ್‌ಡಿಬಿ ಮುಂತಾದ ತರುವಾಯದ ಡೇಟಾಬೇಸುಗಳು ಇಂತಹ ಗಡಿಯಾರಗಳಿಲ್ಲದೆಯೇ ಆ ಸೌಲಭ್ಯವನ್ನು ಸಾಧಿಸಿಕೊಂಡುವು. ಅಮೆಜಾನಿನ ಡೈನಮೋಡಿಬಿ ಸೇವೆಯಲ್ಲಿ ಹಿಂದಿನ ೩೫ ದಿನಗಳೊಳಗಿನ ಬೇಕಾದ ಗಳಿಗೆಗೆ ಮರಳುವ ಸೌಲಭ್ಯವು ೨೦೧೮ರಲ್ಲಿ ಬಂದಿತು. ಒಂದು ಯಂತ್ರಕ್ಕೆ ತಗಲಿದ ಹಲವು ಇಬಿಎಸ್ ಡಿಸ್ಕುಗಳನ್ನು ಒಂದೇ ಗಳಿಗೆಯಲ್ಲಿ ಹಿಡಿಯುವ ಸೌಲಭ್ಯಕ್ಕೆ ೨೦೧೯ರವರೆಗೆ ಕಾಯಬೇಕಾಯಿತೆಂಬುದನ್ನು ನೋಡಿದರೆ, ಈ ಪ್ರಶ್ನೆಯ ಗಡಸುತನ ಮನವರಿಕೆಯಾಗುತ್ತದೆ.

೫

ಸಿದ್ಧಾಂತದಿಂದ ಘಟನೆಗಳಿಗೆ ಬರೋಣ. ಇಲ್ಲಿ ಆಕರಗಳನ್ನು ಕುರಿತು ಒಂದು ಎಚ್ಚರಿಕೆ ಅವಶ್ಯಕ. ಅನಾಹುತವಾದ ಮೇಲೆ ಸಂಸ್ಥೆಗಳು ತಾವೇ ಪ್ರಕಟಿಸುವ ವಿವರಣೆಗಳೇ ನಮಗೆ ದೊರೆಯುವ ಮುಖ್ಯ ಆಧಾರ. ಪ್ರಶಸ್ತಿಶಾಸನವನ್ನು ಓದುವಷ್ಟೇ ಎಚ್ಚರದಿಂದ ಇವನ್ನೂ ಓದಬೇಕು. ಆದರೂ ಸೋಲನ್ನು ತಾನಾಗಿಯೇ ಬರೆದಿಟ್ಟ ಅರಸರು ವಿರಳವಾಗಿರುವಾಗ, ಈ ಬರಹಗಳಲ್ಲಿ ಕೆಲವು ತೋರುವ ಪ್ರಾಮಾಣಿಕತೆ ಆಶ್ಚರ್ಯಕರವಾದುದು.

೨೦೦೯ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಸೈಡ್‌ಕಿಕ್ ಎಂಬ ದೂರವಾಣಿಯ ಬಳಕೆದಾರರ ವಿಳಾಸಗಳೂ ಚಿತ್ರಗಳೂ ಕಾಣೆಯಾದುವು. ಅವನ್ನು ಇಟ್ಟಿದ್ದ ಡೇಂಜರ್ ಎಂಬ ಕಂಪೆನಿಯು ಆಗ ಮೈಕ್ರೋಸಾಫ್ಟಿನ ಅಧೀನದಲ್ಲಿದ್ದಿತು. ಮುಖ್ಯ ಡೇಟಾಬೇಸೂ ಅದರ ರಕ್ಷಾಪ್ರತಿಯೂ ಒಂದೇ ವೈಫಲ್ಯದಲ್ಲಿ ಕೆಟ್ಟವೆಂದು ಸಂಸ್ಥೆಯು ತಿಳಿಸಿತು. ಬಳಿಕ ಬಹುಭಾಗವನ್ನು ಹೇಗೋ ಹೊರತೆಗೆಯಲಾಯಿತು. ೨೦೧೧ರ ಫೆಬ್ರವರಿಯಲ್ಲಿ ಜಿಮೇಲ್ ಸೇವೆಯ ತಂತ್ರಾಂಶದ ದೋಷವೊಂದು ನೂರಕ್ಕೆ ೦.೦೨ರಷ್ಟು ಬಳಕೆದಾರರ ಅಂಚೆಯನ್ನು ಎಲ್ಲ ಸಹಪ್ರತಿಗಳಿಂದಲೂ ಕಾಣದಂತೆ ಮಾಡಿತು. ಅವನ್ನು ಮರಳಿ ತಂದುದು ಟೇಪು. ಜಗತ್ತಿನ ಅತ್ಯಾಧುನಿಕ ದತ್ತಾಂಶಕೇಂದ್ರಗಳನ್ನು ಕಟ್ಟಿದ ಸಂಸ್ಥೆಯೊಂದು ಅಜ್ಜನ ಬಾಗಿಲಿಗೆ ಹೋಗಿ ನಿಂತ ಈ ಪ್ರಸಂಗವು ನೆನಪಿಡತಕ್ಕದ್ದು. ಸಂಪರ್ಕದಿಂದ ಹೊರಗಿದ್ದುದರಿಂದಲೇ ಟೇಪುಗಳಿಗೆ ಆ ದೋಷ ತಾಗಿರಲಿಲ್ಲ.

ಅದೇ ವರ್ಷದ ಏಪ್ರಿಲ್ ೨೧ರಂದು ಅಮೆಜಾನಿನ ವರ್ಜೀನಿಯ ಕೇಂದ್ರದಲ್ಲಿ ಜಾಲದ ಬದಲಾವಣೆಯೊಂದು ತಪ್ಪಿ, ಇಬಿಎಸ್ ಯಂತ್ರಗಳು ತಮ್ಮ ಸಹಪ್ರತಿಗಳ ಸಂಪರ್ಕವನ್ನು ಕಳೆದುಕೊಂಡುವು. ಜಾಲವು ಮರಳಿದೊಡನೆ ಎಲ್ಲವೂ ಏಕಕಾಲದಲ್ಲಿ ಹೊಸ ಸಹಪ್ರತಿಗಳನ್ನು ಮಾಡಲು ಜಾಗ ಹುಡುಕುತ್ತ ಒಂದನ್ನೊಂದು ಉಸಿರುಗಟ್ಟಿಸಿದುವು. ಕೊನೆಗೆ ಆ ವಲಯದ ಡಿಸ್ಕುಗಳಲ್ಲಿ ನೂರಕ್ಕೆ ೦.೦೭ರಷ್ಟು ಮರಳಿ ಬರಲೇ ಇಲ್ಲ. ೨೦೧೪ರ ಜೂನಿನಲ್ಲಿ ಕೋಡ್ ಸ್ಪೇಸಸ್ ಎಂಬ ಸಣ್ಣ ಕಂಪೆನಿಯ ಕ್ಲೌಡ್ ಖಾತೆಯ ಕೀಲಿ ಆಕ್ರಮಣಕಾರನ ಕೈಸೇರಿತು. ಯಂತ್ರಗಳೂ ಡಿಸ್ಕುಗಳೂ ಅವುಗಳ ಸ್ನ್ಯಾಪ್‌ಷಾಟುಗಳೂ ಒಂದೇ ಖಾತೆಯಲ್ಲಿದ್ದುದರಿಂದ ಬಹುಪಾಲು ಒಟ್ಟಿಗೆ ಅಳಿದು ಕಂಪೆನಿಯೇ ಮುಚ್ಚಿತು.

ಗಿಟ್‌ಲ್ಯಾಬ್ ಸಂಸ್ಥೆಯ ೨೦೧೭ರ ಪ್ರಸಂಗವು ಹೆಚ್ಚಿನ ಗಮನಕ್ಕೆ ಯೋಗ್ಯವಾಗಿದೆ. ಜನವರಿ ೩೧ರ ರಾತ್ರಿ ಅದರ ಡೇಟಾಬೇಸಿನ ಸಹಪ್ರತಿಯು ಮುಖ್ಯ ಯಂತ್ರದಿಂದ ಹಿಂದುಳಿಯಿತು. ಅದನ್ನು ಬರಿದುಮಾಡಿ ಮತ್ತೆ ತುಂಬಲು ಯತ್ನಿಸುತ್ತಿದ್ದ ಎಂಜಿನಿಯರೊಬ್ಬರು, ತಾವು ಸಹಪ್ರತಿಯ ಯಂತ್ರದಲ್ಲಿರುವುದಾಗಿ ಭಾವಿಸಿ ಮುಖ್ಯ ಯಂತ್ರದಲ್ಲಿಯೇ ಅಳಿಸುವ ಆಜ್ಞೆಯನ್ನು ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು ೩೦೦ ಗಿಗಾಬೈಟು ಹೋಗಿ ೪.೫ ಗಿಗಾಬೈಟು ಮಾತ್ರ ಉಳಿದಿದ್ದಿತು. ಸಹಪ್ರತಿಯನ್ನು ಅದಾಗಲೇ ಬರಿದುಮಾಡಲಾಗಿತ್ತು. ಇನ್ನು ರಕ್ಷಾಪ್ರತಿಗಳ ಸರದಿ. ಪ್ರತಿದಿನ ತೆಗೆದು ಎಸ್‌೩ಕ್ಕೆ ಕಳಿಸಬೇಕಾಗಿದ್ದ ಪ್ರತಿಯನ್ನು ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸು ೯.೬ನೆಯ ಆವೃತ್ತಿಯದು, ಪ್ರತಿ ತೆಗೆಯುವ ಉಪಕರಣ ೯.೨ನೆಯದು, ಆ ಹೊಂದಾಣಿಕೆ ಇಲ್ಲದೆ ಕೆಲಸವು ದಿನವೂ ವಿಫಲವಾಗುತ್ತಿದ್ದಿತು. ವಿಫಲವಾಯಿತೆಂಬ ಸೂಚನೆಯ ಪತ್ರಗಳು ಹೊರಡುತ್ತಿದ್ದುವು. ಅವುಗಳಿಗೆ ಬೇಕಾದ ದೃಢೀಕರಣದ ಸಹಿ ಇಲ್ಲದೆ ಅಂಚೆ ವ್ಯವಸ್ಥೆಯು ಅವನ್ನು ತಿರಸ್ಕರಿಸುತ್ತಿದ್ದಿತು. ಅಜೂರ್ ಕ್ಲೌಡಿನ ಡಿಸ್ಕು ಸ್ನ್ಯಾಪ್‌ಷಾಟುಗಳನ್ನು ಬೇರೆ ಸರ್ವರುಗಳಿಗೆ ಬಳಸುತ್ತಿದ್ದರೂ ಡೇಟಾಬೇಸಿನ ಸರ್ವರುಗಳಿಗೆ ಬಳಸುತ್ತಿರಲಿಲ್ಲ.

ಉಳಿಸಿದುದು ಒಂದು ಆಕಸ್ಮಿಕ. ಆ ದಿನ ಸುಮಾರು ಆರು ಗಂಟೆಗಳ ಮುಂಚೆ ಎಂಜಿನಿಯರೊಬ್ಬರು ಬೇರೊಂದು ಪ್ರಯೋಗಕ್ಕಾಗಿ ಕೈಯಾರೆ ಒಂದು ಸ್ನ್ಯಾಪ್‌ಷಾಟ್ ತೆಗೆದು ಪರೀಕ್ಷಾ ಯಂತ್ರಕ್ಕೆ ಸಾಗಿಸಿದ್ದರು. ಆ ಯಂತ್ರದ ಡಿಸ್ಕು ನಿಧಾನವಾದುದಾಗಿದ್ದರಿಂದ ಅದನ್ನು ಮರಳಿ ತರುವುದೇ ಗಂಟೆಗಟ್ಟಲೆ ಹಿಡಿದು, ಸೇವೆಯು ಫೆಬ್ರವರಿ ೧ರ ಸಂಜೆಯ ಹೊತ್ತಿಗೆ ಮತ್ತೆ ತೆರೆಯಿತು. ನಡುವಣ ಆರು ಗಂಟೆಗಳಲ್ಲಿ ಬರೆದ ಸುಮಾರು ೫,೦೦೦ ಯೋಜನೆಗಳ ವಿವರಗಳೂ, ೫,೦೦೦ ಟಿಪ್ಪಣಿಗಳೂ, ೭೦೦ ಹೊಸ ಬಳಕೆದಾರರ ಖಾತೆಗಳೂ ನಷ್ಟವಾದುವು. ಪುನಃಸ್ಥಾಪನೆಯನ್ನು ಸಂಸ್ಥೆಯು ಸಾರ್ವಜನಿಕರು ನೋಡುವಂತೆ ನೇರವಾಗಿ ಪ್ರಸಾರ ಮಾಡಿತು. ತಪ್ಪು ಮಾಡಿದವರ ಹೆಸರನ್ನು ವರದಿಯಲ್ಲಿ ಹೇಳಲಿಲ್ಲ. ಅದು ಸರಿಯಾದ ನಿರ್ಣಯವೆಂದೇ ನನ್ನ ಅಭಿಪ್ರಾಯ. ಕೈತಪ್ಪು ಒಬ್ಬರದು, ಬರಿದಾದ ಉಗ್ರಾಣವನ್ನು ಎಷ್ಟೋ ದಿನ ಯಾರೂ ತೆರೆದು ನೋಡದಿದ್ದುದು ಒಬ್ಬರ ತಪ್ಪಲ್ಲ.

ಇದರ ಪಕ್ಕದಲ್ಲಿ ಇಟ್ಟು ನೋಡಬೇಕಾದುದು ಗಿಟ್‌ಹಬ್ ಸಂಸ್ಥೆಯ ೨೦೧೮ರ ಅಕ್ಟೋಬರ್ ೨೧ರ ಪ್ರಸಂಗ. ಇಲ್ಲಿ ಯಾರೂ ಏನನ್ನೂ ಅಳಿಸಲಿಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಜಾಲದ ಉಪಕರಣವೊಂದನ್ನು ಬದಲಾಯಿಸುವಾಗ ೪೩ ಸೆಕೆಂಡುಗಳ ಕಾಲ ಸಂಪರ್ಕವು ಕಡಿಯಿತು. ಆ ಅಲ್ಪಕಾಲದಲ್ಲಿಯೇ ಸ್ವಯಂಚಾಲಿತ ವ್ಯವಸ್ಥೆಯು ಪಶ್ಚಿಮ ಕರಾವಳಿಯ ಸಹಪ್ರತಿಗಳಿಗೆ ಪಟ್ಟ ಕಟ್ಟಿತು. ಸಂಪರ್ಕ ಮರಳಿದಾಗ ಪೂರ್ವದಲ್ಲಿ ಪಶ್ಚಿಮಕ್ಕೆ ತಲುಪದ ಕೆಲವು ಬರಹಗಳು, ಪಶ್ಚಿಮದಲ್ಲಿ ಪೂರ್ವವು ಕಾಣದ ಹೊಸ ಬರಹಗಳು: ಒಂದೇ ಡೇಟಾಬೇಸಿಗೆ ಎರಡು ಇತಿಹಾಸಗಳು. ತೀರ ಚಟುವಟಿಕೆಯ ಕ್ಲಸ್ಟರೊಂದರಲ್ಲಿ ಹೀಗೆ ಪೂರ್ವದಲ್ಲಿಯೇ ಉಳಿದ ಬರಹಗಳ ಸಂಖ್ಯೆ ೯೫೪. ಒಂದು ಪಕ್ಷವನ್ನು ಎಸೆದು ಸೇವೆಯನ್ನು ಬೇಗನೆ ತೆರೆಯಬಹುದಾಗಿತ್ತು. ಸಂಸ್ಥೆಯು ಹಾಗೆ ಮಾಡದೆ, ಬಳಕೆದಾರರ ದತ್ತಾಂಶವೇ ಮುಖ್ಯ, ಸೇವೆಯ ಶೀಘ್ರತೆ ಅನಂತರದ್ದೆಂದು ನಿಶ್ಚಯಿಸಿತು. ನಾಲ್ಕು ಗಂಟೆಗೊಮ್ಮೆ ತೆಗೆದು ಕ್ಲೌಡಿನಲ್ಲಿ ಇಡುತ್ತಿದ್ದ ರಕ್ಷಾಪ್ರತಿಗಳಿಂದ ಪೂರ್ವದ ಕ್ಲಸ್ಟರುಗಳನ್ನು ಮತ್ತೆ ಕಟ್ಟಿ, ಪಶ್ಚಿಮದ ಬರಹಗಳನ್ನು ಅವುಗಳಿಗೆ ಏರಿಸಿ, ಆಮೇಲೆ ಪಟ್ಟವನ್ನು ಹಿಂದಿರುಗಿಸಿದರು. ಹಲವು ಟೆರಾಬೈಟುಗಳನ್ನು ದೂರದಿಂದ ಸಾಗಿಸುವುದರಲ್ಲಿಯೇ ಗಂಟೆಗಳು ಕಳೆದುವು. ೪೩ ಸೆಕೆಂಡಿನ ಬಿರುಕನ್ನು ಮುಚ್ಚಲು ೨೪ ಗಂಟೆ ೧೧ ನಿಮಿಷ ಹಿಡಿಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ರಕ್ಷಾಪ್ರತಿಯಿಂದ ಪುನಃಸ್ಥಾಪಿಸುವ ಅಭ್ಯಾಸವನ್ನು ಈ ಸಂಸ್ಥೆಯು ಪ್ರತಿದಿನವೂ ನಡೆಸುತ್ತಿದ್ದಿತು; ಎಷ್ಟು ಹೊತ್ತು ಬೇಕಾಗುವುದೆಂಬುದೂ ಅದಕ್ಕೆ ತಿಳಿದಿದ್ದಿತು. ಆದರೆ ಇಡೀ ಕ್ಲಸ್ಟರನ್ನು ಹೀಗೆ ಕಟ್ಟುವ ಪ್ರಸಂಗ ಮಾತ್ರ ಅದುವರೆಗೆ ಬಂದಿರಲಿಲ್ಲ. ಉದ್ದೇಶಪೂರ್ವಕವಾಗಿ ಕೆಲವು ಗಂಟೆ ಹಿಂದೆ ಉಳಿಸಿದ ಸಹಪ್ರತಿಗಳಂತಹ ಉಪಾಯಗಳೇ ಆವರೆಗೆ ಸಾಕಾಗಿದ್ದುವು. ಗಿಟ್‌ಲ್ಯಾಬಿನಲ್ಲಿ ದಾಖಲೆಯನ್ನು ಉಳಿಸಿದುದು ಅದೃಷ್ಟ, ಗಿಟ್‌ಹಬ್ಬಿನಲ್ಲಿ ಅಭ್ಯಾಸ. ಎರಡೂ ಕಡೆಯಲ್ಲಿ ಸಹಪ್ರತಿಗಳಿದ್ದುವು, ಮತ್ತು ಎರಡೂ ಕಡೆಯಲ್ಲಿ ಅವು ಕಷ್ಟದ ಕಾರಣಗಳಲ್ಲಿ ಒಂದಾಗಿದ್ದುವು.

೬

ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ ಎಂಬ ನಿಯಮವನ್ನು ಪೀಟರ್ ಕ್ರೋ ಎಂಬ ಛಾಯಾಗ್ರಾಹಕನು ಜನಪ್ರಿಯಗೊಳಿಸಿದನು. ಈ ನಿಯಮದ ಕೊನೆಯ ಭಾಗವನ್ನು ಕ್ಲೌಡ್ ಯುಗವು ಮರೆತ ಬಗೆಯನ್ನು ೨೦೨೧ರ ಮಾರ್ಚ್ ೧೦ರ ಬೆಂಕಿಯು ತೋರಿಸಿತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶಕೇಂದ್ರವೊಂದು ಸುಟ್ಟುಹೋದಾಗ, ಕೆಲವು ಗ್ರಾಹಕರ ರಕ್ಷಾಪ್ರತಿಗಳೂ ಅದೇ ಆವರಣದಲ್ಲಿದ್ದು ಬೂದಿಯಾದುವು. ‘ಕ್ಲೌಡ್’ ಎಂಬ ಹೆಸರಿನ ಹಿಂದೆ ಗೋಡೆ, ತಂತಿ, ಬ್ಯಾಟರಿಗಳುಳ್ಳ ಕಟ್ಟಡವೊಂದು ಇರುತ್ತದೆಂಬುದು ಅನೇಕರಿಗೆ ಅಂದು ತಿಳಿಯಿತು. ೨೦೨೩ರಲ್ಲಿ ಅಲ್ಲಿಯ ವಾಣಿಜ್ಯ ನ್ಯಾಯಾಲಯವೊಂದು ಇಂತಹ ಗ್ರಾಹಕನೊಬ್ಬನಿಗೆ ಪರಿಹಾರ ಕೊಡುವಂತೆ ತೀರ್ಪಿತ್ತಿತು.

೨೦೨೪ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಎಂಬ ನಿವೃತ್ತಿನಿಧಿಯ ಪಾಲಿಗೆ ಬೆಂಕಿಯೂ ಬೇಕಾಗಲಿಲ್ಲ. ಆರು ಲಕ್ಷಕ್ಕೂ ಹೆಚ್ಚು ಸದಸ್ಯರುಳ್ಳ ಈ ನಿಧಿಯ ವ್ಯವಸ್ಥೆಯು ಗೂಗಲ್ ಕ್ಲೌಡಿನಲ್ಲಿ ನೆಲೆಸಿದ್ದಿತು. ಸ್ಥಾಪನೆಯ ಸಮಯದಲ್ಲಿ ಒಂದು ಅಂಶವನ್ನು ಖಾಲಿ ಬಿಟ್ಟುದರಿಂದ ಅದಕ್ಕೆ ಒಂದು ವರ್ಷದ ಅವಧಿ ತಾನಾಗಿ ನಿಗದಿಯಾಗಿ, ಅವಧಿ ಮುಗಿದೊಡನೆ ಅದರ ಒಂದು ಭಾಗವು ಅಳಿದುಹೋಯಿತು. ಬೇರೊಂದು ಸಂಸ್ಥೆಯಲ್ಲಿಯೂ ನಿಧಿಯು ರಕ್ಷಾಪ್ರತಿಗಳನ್ನಿಟ್ಟಿದ್ದುದು ಪುನಃಸ್ಥಾಪನೆಗೆ ಒದಗಿತು. ಆದರೂ ಒಂದು ವಾರಕ್ಕೂ ಹೆಚ್ಚು ಕಾಲ ಸದಸ್ಯರಿಗೆ ತಮ್ಮ ಲೆಕ್ಕವನ್ನು ನೋಡಲು ಸಾಧ್ಯವಾಗಲಿಲ್ಲ.

ಇತಿಹಾಸಕಾರರನ್ನು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಬೇಕಾದುದು ದಕ್ಷಿಣ ಕೊರಿಯದ ಪ್ರಸಂಗ. ೨೦೨೫ರ ಸೆಪ್ಟೆಂಬರ್ ೨೬ರಂದು ಡೇಜಿಯೋನ್ ನಗರದಲ್ಲಿರುವ ಸರ್ಕಾರಿ ದತ್ತಾಂಶಕೇಂದ್ರದಲ್ಲಿ ಲಿಥಿಯಮ್ ಬ್ಯಾಟರಿಗಳನ್ನು ಬೇರೆಡೆಗೆ ಸಾಗಿಸುವ ಕೆಲಸ ನಡೆದಿದ್ದಾಗ ಬೆಂಕಿ ಹತ್ತಿತು. ಆರುನೂರಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತುಹೋದುವು. ಅವುಗಳಲ್ಲಿ ಬಹುಪಾಲನ್ನು ಕ್ರಮೇಣ ಮರಳಿ ಕಟ್ಟಲಾಯಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ ಎಂಬ ಸಂಗ್ರಹಕ್ಕೆ ಮಾತ್ರ ಹೊರಗೆ ಯಾವ ರಕ್ಷಾಪ್ರತಿಯೂ ಇರಲಿಲ್ಲ. ಗಾತ್ರವು ತೀರ ದೊಡ್ಡದಾಗಿದ್ದುದೇ ಇದಕ್ಕೆ ಕೊಡಲಾದ ಕಾರಣ. ೮೫೮ ಟೆರಾಬೈಟು ಸುಟ್ಟುಹೋಯಿತು. ಕಡತಗಳನ್ನು ತಮ್ಮ ಸ್ವಂತ ಯಂತ್ರಗಳಲ್ಲಿ ಇಡದೆ ಅಲ್ಲಿಯೇ ಇಡಬೇಕೆಂಬ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದ್ದ ಸಿಬ್ಬಂದಿ ಆಡಳಿತದ ಸಚಿವಾಲಯಕ್ಕೆ ಪೆಟ್ಟು ಹೆಚ್ಚಾಗಿ ತಗಲಿತು.

ಮೇಲಧಿಕಾರಿಗಳ ಅನುಮೋದನೆ ಪಡೆದ ಅಂತಿಮ ಪತ್ರಗಳು ಬೇರೊಂದು ವ್ಯವಸ್ಥೆಯಲ್ಲಿಯೂ ದಾಖಲಾಗಿರುವುದರಿಂದ ಅವು ದೊರೆಯುವುವೆಂದು ಅಲ್ಲಿಯ ಸರ್ಕಾರವು ತಿಳಿಸಿತು. ಹಾಗಿದ್ದಲ್ಲಿ ಆ ಸಚಿವಾಲಯದ ಚರಿತ್ರೆಯನ್ನು ಮುಂದೆ ಬರೆಯುವವನಿಗೆ ಆಜ್ಞೆಗಳು ಸಿಗುತ್ತವೆ. ಆಜ್ಞೆಗೆ ಮುಂಚಿನ ಕರಡುಗಳು, ಅಂಚಿನ ಟಿಪ್ಪಣಿಗಳು, ಸಲ್ಲಿಸಿ ಹಿಂತೆಗೆದುಕೊಂಡ ಸಲಹೆಗಳು, ಒಂದು ನಿರ್ಣಯವು ಹೇಗೆ ಬಂದಿತೆಂಬುದನ್ನು ತೋರಿಸುವ ಕೈಬರಹದಂತಹ ಕಡತಗಳು ಇದ್ದುದು ಆ ಕೋಣೆಯ ಡಿಸ್ಕುಗಳಲ್ಲಿ.